ಬೆಂಗಳೂರಿನ ಕಾನ್ವೆಂಟ್ ಹುಡುಗಿ ಮೋನಿಷಾ: ಆರು ವರ್ಷಗಳ ಒಂದು ಕಲಾಜೀವನ

1992ರ ಡಿಸೆಂಬರ್ 5, ಶನಿವಾರ. ಆಗಮನ ಕಾಲದ ಎರಡನೇ ಭಾನುವಾರದ ಹಿಂದಿನ ದಿನ. ಅಂದು ಬೆಳಗಿನ ಜಾವ ಕೇರಳದ ಚೇರ್ತಲದಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಮಲಯಾಳಂ ಚಿತ್ರನಟಿ, ನೃತ್ಯ ಕಲಾವಿದೆ ಮೋನಿಷಾ ಉಣ್ಣಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಮರುದಿನವೇ ಅಯೋಧ್ಯೆಯ ಘಟನೆ ನಡೆಯಿತು, ಅದರ ಬೆನ್ನಿಗೆ ದೇಶದ ಹಲವೆಡೆ ಗಲಭೆಗಳಾದವು. ಎಲ್ಲರ ಗಮನ ಅತ್ತ ತಿರುಗಿತು. ಆದರೆ ಕೇರಳದಲ್ಲಿ ಈ ಹುಡುಗಿಯ ಮುಖವನ್ನು ಜನ ಮರೆತಿಲ್ಲ. ಅಲ್ಲಿ ಇಂದಿಗೂ ಡಿಸೆಂಬರ್ 5 ಬಂತೆಂದರೆ ಅವರ ಹೆಸರು ಒಮ್ಮೆಯಾದರೂ ಕೇಳಿಬರುತ್ತದೆ.

ಮೋನಿಷಾ ನಮ್ಮ ಧರ್ಮಸಭೆಯವರಲ್ಲ, ಹಿಂದೂ ಕುಟುಂಬದಲ್ಲಿ ಹುಟ್ಟಿದವರು. ಹಾಗಿದ್ದರೂ ಅವರ ಬಗ್ಗೆ ಈ ಪುಟದಲ್ಲಿ ಬರೆಯಲು ಕಾರಣವಿದೆ. ಹುಟ್ಟಿನಿಂದ ಮಲಯಾಳಿಯಾದರೂ ಬೆಳೆದದ್ದು, ಓದಿದ್ದು, ನೃತ್ಯ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ. ಅಕ್ಷರ ಕಲಿತದ್ದು ಕ್ರೈಸ್ತ ಶಾಲೆಗಳಲ್ಲಿ, ಪದವಿ ಪಡೆದದ್ದು ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ನಡೆಸುವ ಕಾಲೇಜಿನಲ್ಲಿ. ಇನ್ನೊಂದು ಕಾರಣ, ನಮ್ಮ ಚರ್ಚ್‌ಗಳ ವಾರ್ಷಿಕೋತ್ಸವದ ವೇದಿಕೆಗಳಲ್ಲಿ, ಯುವಜನ ಸಂಘಟನೆಗಳ ಸ್ಪರ್ಧೆಗಳಲ್ಲಿ ಪ್ರತಿಭೆ ತೋರುವ ಮಕ್ಕಳ ತಂದೆತಾಯಿಗಳು ಆಗಾಗ ಕೇಳುವ ಪ್ರಶ್ನೆ. ಮಗಳನ್ನು ಕಲೆಗೆ ಬಿಡಬೇಕೋ, ಓದಿಗೆ ಕೂರಿಸಬೇಕೋ? ಚಿಕ್ಕ ವಯಸ್ಸಿನಲ್ಲೇ ದೊಡ್ಡ ಹೆಸರು ಬಂದರೆ ಅದು ವರವೋ, ಹೊರೆಯೋ? ಮೋನಿಷಾರ ಬದುಕು ಈ ಪ್ರಶ್ನೆಗಳನ್ನು ಬಹಳ ಎಳೆಯ ವಯಸ್ಸಿನಲ್ಲೇ ಎದುರಿಸಿತು.

ಅವರು ಹುಟ್ಟಿದ್ದು 1971ರ ಜನವರಿ 24ರಂದು, ಕೋಯಿಕ್ಕೋಡಿನಲ್ಲಿ. ನಾವು ಕರಾವಳಿಯವರು ಕಲ್ಲಿಕೋಟೆ ಎನ್ನುವ ಊರು. ತಂದೆ ನಾರಾಯಣನ್ ಉಣ್ಣಿಯವರಿಗೆ ಬೆಂಗಳೂರಿನಲ್ಲಿ ಚರ್ಮೋದ್ಯಮದ ವ್ಯವಹಾರವಿತ್ತು. ಹಾಗಾಗಿ ಮಗುವಿನ ಬಾಲ್ಯ ಬೆಂಗಳೂರಿನಲ್ಲೇ ಕಳೆಯಿತು. ತಾಯಿ ಶ್ರೀದೇವಿ ಉಣ್ಣಿ ಮೋಹಿನಿಯಾಟ್ಟಂ ಕಲಾವಿದೆ. ಮನೆಯಲ್ಲೇ ನೃತ್ಯವಿತ್ತು, ಮಗಳು ಬೇರೆಲ್ಲೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ವೇದಿಕೆ ಏರಿ ಪ್ರದರ್ಶನ ನೀಡಿದರು. 1985ರಲ್ಲಿ, ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ, ಭರತನಾಟ್ಯಕ್ಕಾಗಿ ಕರ್ನಾಟಕದಲ್ಲಿ ಕೊಡುವ ಕೌಶಿಕ ಪ್ರಶಸ್ತಿ ಸಂದಿತು. ಸಿನಿಮಾದವರು ಗುರುತಿಸುವುದಕ್ಕೆ ಮೊದಲೇ ಈ ಹುಡುಗಿಯನ್ನು ಗುರುತಿಸಿದ್ದು ಕನ್ನಡ ನಾಡು ಎಂಬುದನ್ನು ಇಲ್ಲಿ ಹೇಳಲೇಬೇಕು.

ಭರತನಾಟ್ಯ ಮತ್ತು ಮೋಹಿನಿಯಾಟ್ಟಂ ಕಲಿತ ಮಕ್ಕಳಿರುವ ಮನೆಯವರಿಗೆ ಗೊತ್ತಿರುತ್ತದೆ, ಇವು ವಾರಕ್ಕೊಮ್ಮೆ ಒಂದು ಗಂಟೆ ಕಲಿತು ಮುಗಿಸುವ ವಿದ್ಯೆಗಳಲ್ಲ. ಅರೆಮಂಡಿಯಲ್ಲಿ ನಿಂತು ಒಂದೇ ಅಡವನ್ನು ವರ್ಷಗಟ್ಟಲೆ ತಿದ್ದಿಕೊಳ್ಳಬೇಕು. ಕಣ್ಣು, ಹುಬ್ಬು, ಕತ್ತು, ಬೆರಳು ಪ್ರತಿಯೊಂದಕ್ಕೂ ಬೇರೆ ಬೇರೆ ಅಭ್ಯಾಸ. ಮೋಹಿನಿಯಾಟ್ಟಂನಲ್ಲಂತೂ ದೇಹ ತೆಂಗಿನ ಗರಿಯಂತೆ ಮೆಲ್ಲಗೆ ತೂಗಬೇಕು, ಎಲ್ಲಿಯೂ ಒರಟಾಗಬಾರದು. ಮುಂದೆ ತೆರೆಯ ಮೇಲೆ ಮೋನಿಷಾ ಮಾತಿಲ್ಲದೆ ನಿಂತ ದೃಶ್ಯಗಳೂ ಮನಸ್ಸಿಗೆ ತಟ್ಟುತ್ತಿದ್ದುದಕ್ಕೆ ಈ ತರಬೇತಿಯೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಸಿನಿಮಾಕ್ಕೆ ಬಂದದ್ದು ಸಾಹಿತಿ ಎಂ.ಟಿ. ವಾಸುದೇವನ್ ನಾಯರ್ ಅವರ ಮೂಲಕ. ಅವರು ಉಣ್ಣಿ ಕುಟುಂಬದ ಆಪ್ತರು. ಅವರು ಬರೆದು ಹರಿಹರನ್ ನಿರ್ದೇಶಿಸಿದ ‘ನಖಕ್ಷತಂಗಳ್’ ಚಿತ್ರಕ್ಕೆ ಹೊಸ ಮುಖಗಳು ಬೇಕಾಗಿದ್ದವು. ಹಳ್ಳಿಯ ಹುಡುಗಿ ಗೌರಿಯ ಪಾತ್ರಕ್ಕೆ ಬೆಂಗಳೂರಿನಲ್ಲಿ ಓದುತ್ತಿದ್ದ ಮೋನಿಷಾ ಆಯ್ಕೆಯಾದರು. ಎದುರಿಗೆ ನಟಿಸಿದ ವಿನೀತ್ ಕೂಡ ನೃತ್ಯ ಕಲಿತಿದ್ದ ಹುಡುಗ. ಗುರುವಾಯೂರಿನಲ್ಲಿ ಶುರುವಾಗುವ ಎಳೆಯ ಪ್ರೀತಿ, ನಡುವೆ ಬರುವ ಮಾತು ಬಾರದ ಇನ್ನೊಬ್ಬ ಹುಡುಗಿ (ಆ ಪಾತ್ರವನ್ನು ಸಲೀಮಾ ಮಾಡಿದ್ದಾರೆ), ಬಡತನ ಮತ್ತು ಉಪಕಾರದ ಋಣ ಇವುಗಳ ನಡುವೆ ಸಿಕ್ಕಿಬೀಳುವ ಮಕ್ಕಳ ಕಥೆ ಅದು. 1986ರಲ್ಲಿ ಚಿತ್ರ ತೆರೆ ಕಂಡಿತು. ಆಗ ಮೋನಿಷಾರಿಗೆ ಹದಿನೈದು ವರ್ಷ.

ಈ ಮೊದಲ ಚಿತ್ರಕ್ಕೇ ರಾಷ್ಟ್ರಮಟ್ಟದ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. 1986ರ ಚಿತ್ರಗಳಿಗೆ ನೀಡಿದ 34ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಸಾಲಿನಲ್ಲಿ, 1987ರಲ್ಲಿ. ಈ ಪ್ರಶಸ್ತಿಯನ್ನು ಪಡೆದವರಲ್ಲೆಲ್ಲ ಅತ್ಯಂತ ಕಿರಿಯರು ಮೋನಿಷಾ. ಮಲಯಾಳಂ ಚಿತ್ರವೊಂದಕ್ಕೆ ಈ ಗೌರವ ಬಂದದ್ದು ಶಾರದಾ ಅವರ ನಂತರ ಇದೇ ಮೊದಲು. ಅದೇ ಚಿತ್ರದ ಹಾಡಿಗಾಗಿ ಕೆ.ಎಸ್. ಚಿತ್ರಾ ಅವರಿಗೆ ಅತ್ಯುತ್ತಮ ಗಾಯಕಿ ಪ್ರಶಸ್ತಿಯೂ ಸಂದಿತು.

ಆ ವರ್ಷದ ಪಟ್ಟಿಯನ್ನು ಕನ್ನಡಿಗರು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದದ್ದು ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’. ಅದರಲ್ಲಿ ತಬರನಾದ ಚಾರುಹಾಸನ್ ಅತ್ಯುತ್ತಮ ನಟ. ಅಂದರೆ ಆ ವರ್ಷದ ಅತ್ಯುತ್ತಮ ನಟ ಕನ್ನಡ ಚಿತ್ರದಲ್ಲಿ ನಟಿಸಿದ ತಮಿಳರು, ಅತ್ಯುತ್ತಮ ನಟಿ ಮಲಯಾಳಂ ಚಿತ್ರದಲ್ಲಿ ನಟಿಸಿದ ಬೆಂಗಳೂರಿನ ಹುಡುಗಿ. ಪಿಂಚಣಿಗಾಗಿ ಅಲೆದು ಸೋತ ಮುದುಕ ಒಂದು ಕಡೆ, ಇನ್ನೂ ಶಾಲೆಯ ವಯಸ್ಸು ದಾಟದ ಹುಡುಗಿ ಇನ್ನೊಂದು ಕಡೆ. ಅದರ ಹಿಂದಿನ ವರ್ಷ ಅತ್ಯುತ್ತಮ ನಟಿಯಾಗಿದ್ದವರು ಚಾರುಹಾಸನ್ ಅವರ ಮಗಳು ಸುಹಾಸಿನಿ ಎಂಬುದು ಇನ್ನೊಂದು ಸ್ವಾರಸ್ಯ.

ಇಷ್ಟು ದೊಡ್ಡ ಪ್ರಶಸ್ತಿ ಇಷ್ಟು ಬೇಗ ಬಂದರೆ ಮುಂದೆ ಏನು? ನನಗೆ ಅವರ ಬದುಕಿನಲ್ಲಿ ಹೆಚ್ಚು ಗಮನಿಸಬೇಕೆನಿಸುವುದು ಪ್ರಶಸ್ತಿಯ ನಂತರದ ಐದು ವರ್ಷ. ‘ನಖಕ್ಷತಂಗಳ್’ ಚಿತ್ರವನ್ನು ತಮಿಳಿಗೆ ತಂದಾಗ 1987ರ ‘ಪೂಕ್ಕಳ್ ವಿಡುಂ ತೂದು’ ಚಿತ್ರದಲ್ಲಿ ಅದೇ ಪಾತ್ರವನ್ನು ಮತ್ತೆ ಮಾಡಿದರು. ಅದೇ ವರ್ಷ ಪ್ರತಾಪ್ ಪೋತನ್ ನಿರ್ದೇಶನದ ‘ಋತುಭೇದಂ’ ಬಂತು. ಆಮೇಲೆ ‘ಅಧಿಪನ್’, ತಮಿಳಿನಲ್ಲಿ ‘ದ್ರಾವಿಡನ್’ ಹೀಗೆ ಚಿತ್ರಗಳೇನೋ ಬಂದವು. ಆದರೆ ಗೌರಿಯಂಥ ಪಾತ್ರ ಬರಲಿಲ್ಲ. ದೊಡ್ಡ ನಾಯಕರ ಚಿತ್ರಗಳಲ್ಲಿ ಕೆಲವು ದೃಶ್ಯ, ಒಂದೆರಡು ಹಾಡು. ಪ್ರಶಸ್ತಿ ಪಡೆದ ನಟಿಗೆ ಚಿತ್ರರಂಗ ಹೂಹಾರ ಹಾಕುವುದು ಬೇಗ, ತಕ್ಕ ಪಾತ್ರ ಬರೆಯುವುದು ನಿಧಾನ. ಇದು ಕೇರಳದ ದೋಷ ಮಾತ್ರವಲ್ಲ, ಎಲ್ಲ ಕಡೆಯೂ ಹೀಗೆಯೇ.

ಈ ಕಾಯುವ ಕಾಲದಲ್ಲಿ ಮೋನಿಷಾ ಮಾಡಿದ ಕೆಲಸ ಗಮನಾರ್ಹ. ಓದು ಬಿಡಲಿಲ್ಲ. ಸೇಂಟ್ ಚಾರ್ಲ್ಸ್ ಹೈಸ್ಕೂಲ್ ಮತ್ತು ಬಿಷಪ್ ಕಾಟನ್ ಬಾಲಕಿಯರ ಶಾಲೆಯಲ್ಲಿ ಓದಿದವರು ಮುಂದೆ ಮೌಂಟ್ ಕಾರ್ಮೆಲ್ ಕಾಲೇಜು ಸೇರಿ ಮನಶ್ಶಾಸ್ತ್ರದಲ್ಲಿ ಪದವಿ ಪಡೆದರು. ಹತ್ತನೇ ತರಗತಿಯಲ್ಲಿ ಒಂದು ಧಾರಾವಾಹಿಯ ಅವಕಾಶ ಸಿಕ್ಕರೆ ಶಾಲೆಗೆ ಚಕ್ಕರ್ ಹೊಡೆಯುವ ಮಕ್ಕಳನ್ನು ನಾವು ಕಂಡಿದ್ದೇವೆ. ಇಲ್ಲಿ ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಪಡೆದ ಹುಡುಗಿ ಚಿತ್ರೀಕರಣಗಳ ನಡುವೆ ಪರೀಕ್ಷೆ ಬರೆದು ಪದವಿ ಮುಗಿಸಿದಳು. ಇದರಲ್ಲಿ ಮನೆಯವರ ಪಾಲೂ ಇದ್ದೇ ಇರಬೇಕು.

ಮೌಂಟ್ ಕಾರ್ಮೆಲ್ ಬಗ್ಗೆ ಒಂದು ಮಾತು. ಸಂತ ತೆರೇಸರ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು ಈ ಕಾಲೇಜನ್ನು ಮೊದಲು 1944ರಲ್ಲಿ ಆರಂಭಿಸಿದ್ದು ಕೇರಳದ ತ್ರಿಶೂರಿನಲ್ಲಿ. 1948ರಲ್ಲಿ ಅದು ಬೆಂಗಳೂರಿಗೆ ಬಂದು ನೆಲೆಯೂರಿತು. ಕೇರಳದಿಂದ ಬಂದು ಬೆಂಗಳೂರಿನದೇ ಆಗಿಹೋದ ಕಾಲೇಜಿನಲ್ಲಿ, ಕೇರಳದಿಂದ ಬಂದು ಬೆಂಗಳೂರಿನವಳೇ ಆದ ಹುಡುಗಿ ಓದಿದಳು. ನಮ್ಮ ಸಿಸ್ಟರ್‌ಗಳು ನಡೆಸುವ ಶಾಲೆ ಕಾಲೇಜುಗಳಲ್ಲಿ ಎಲ್ಲ ಧರ್ಮದ ಹೆಣ್ಣುಮಕ್ಕಳು ಓದಿ ಹೊರಬರುತ್ತಾರೆ. ಅವರಲ್ಲಿ ಯಾರು ವೈದ್ಯರಾದರು, ಯಾರು ಅಧಿಕಾರಿಗಳಾದರು ಎಂಬುದನ್ನು ಜಯಂತಿಯ ಸ್ಮರಣಸಂಚಿಕೆಗಳಲ್ಲಿ ಅಚ್ಚುಮಾಡುತ್ತೇವೆ. ಕಲಾವಿದೆಯರ ಹೆಸರು ಅಲ್ಲಿ ಅಪರೂಪ.

ಕನ್ನಡದಲ್ಲೂ ಅವರು ನಟಿಸಿದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಡಾ. ರಾಜ್‌ಕುಮಾರ್ ಅವರ ಎರಡನೇ ಮಗ ರಾಘವೇಂದ್ರ ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರ, 1988ರ ‘ಚಿರಂಜೀವಿ ಸುಧಾಕರ’ದ ನಾಯಕಿ ಮೋನಿಷಾ. ಬೆಂಗಳೂರಿನಲ್ಲೇ ಬೆಳೆದ ನಟಿಗೆ ಕನ್ನಡದಲ್ಲಿ ಇನ್ನಷ್ಟು ಪಾತ್ರಗಳು ಸಿಗಬೇಕಿತ್ತು. ಹಾಗಾಗಲಿಲ್ಲ.

ತಕ್ಕ ಪಾತ್ರ ಮತ್ತೆ ಸಿಕ್ಕಿದ್ದು ಎಂ.ಟಿ. ಅವರ ಬರವಣಿಗೆಯಲ್ಲೇ. ಅಜಯನ್ ನಿರ್ದೇಶಿಸಿದ ‘ಪೆರುಂದಚ್ಚನ್’ ಕೇರಳದ ಐತಿಹ್ಯದ ಮಹಾ ಬಡಗಿಯ ಕಥೆ. ಮಗನ ಕೈಚಳಕ ತನ್ನನ್ನು ಮೀರುತ್ತಿದೆಯೆಂದು ತಂದೆಗೆ ಅನಿಸುತ್ತದೆ, ಮೇಲಿಂದ ಬಿದ್ದ ಉಳಿ ಮಗನ ಪ್ರಾಣ ತೆಗೆಯುತ್ತದೆ. ನಮ್ಮ ಜಕಣಾಚಾರಿ ಮತ್ತು ಡಂಕಣನ ಕಥೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಕಥೆಯಲ್ಲಿ ಮಗನೆದುರು ಸೋತ ತಂದೆ ತನ್ನ ಕೈಯನ್ನೇ ಕಡಿದುಕೊಳ್ಳುತ್ತಾನೆ, ಅವರ ಕಥೆಯಲ್ಲಿ ಮಗನೇ ಹೋಗುತ್ತಾನೆ. ತಂದೆಯಾಗಿ ತಿಲಕನ್ ನಟಿಸಿದ ಈ ಚಿತ್ರದಲ್ಲಿ ಮೋನಿಷಾ ಅರಮನೆಯ ತರುಣಿ, ಬಡಗಿಯ ಮಗನ ಮೇಲೆ ಮನಸ್ಸಿಟ್ಟವಳು. ಅದೇ ಅರಮನೆಯ ತಂಬುರಾಟಿಯಾಗಿ ನಟಿಸಿದವರು ನಮ್ಮ ಉಡುಪಿಯ ವಿನಯಾ ಪ್ರಸಾದ್. ಕರ್ನಾಟಕದಲ್ಲಿ ಬೆಳೆದ ಇಬ್ಬರು ಕೇರಳದ ಹಳೆಯ ಕಥೆಯೊಂದರಲ್ಲಿ ಒಟ್ಟಿಗೆ ನಿಂತದ್ದನ್ನು ಕರಾವಳಿಯ ಓದುಗರು ಆ ಚಿತ್ರ ನೋಡುವಾಗ ಗಮನಿಸಬಹುದು.

ಇನ್ನು 1992. ಮೋನಿಷಾರ ಬದುಕಿನ ಕೊನೆಯ ವರ್ಷ, ವೃತ್ತಿಯ ದೃಷ್ಟಿಯಿಂದ ಅತ್ಯಂತ ತುಂಬಿದ ವರ್ಷವೂ ಹೌದು. ಸಿಬಿ ಮಲಯಿಲ್ ನಿರ್ದೇಶನದ, ಲೋಹಿತದಾಸ್ ಬರೆದ ‘ಕಮಲದಳಂ’ ಆ ವರ್ಷ ಬಂತು. ಕಲಾಶಾಲೆಯೊಂದರಲ್ಲಿ ನಡೆಯುವ ಕಥೆ. ನೃತ್ಯ ಗುರು ನಂದಗೋಪನ್ ಹೆಂಡತಿಯನ್ನು ಕಳೆದುಕೊಂಡು ಕುಡಿತಕ್ಕೆ ಬಿದ್ದಿದ್ದಾನೆ. ಆ ಪಾತ್ರ ಮೋಹನ್‌ಲಾಲ್ ಅವರದು. ಅವನನ್ನು ಮೊದಲು ತಿರಸ್ಕರಿಸಿ, ಆಮೇಲೆ ಅವನಲ್ಲಿನ ವಿದ್ಯೆಯನ್ನು ಕಂಡು ಶಿಷ್ಯೆಯಾಗಿ ನಿಲ್ಲುವ ಮಾಳವಿಕಾ ಪಾತ್ರದಲ್ಲಿ ಮೋನಿಷಾ. ಗುರು ರಚಿಸಿದ ಸೀತಾಕಲ್ಯಾಣದ ನೃತ್ಯರೂಪಕದಲ್ಲಿ ಸೀತೆಯಾಗಿ ಆಕೆ ಕುಣಿಯುತ್ತಾಳೆ.

ಮೋಹನ್‌ಲಾಲ್ ಶಾಸ್ತ್ರೀಯ ನೃತ್ಯ ಕಲಿತವರಲ್ಲ, ಆ ಚಿತ್ರಕ್ಕಾಗಿ ಅಭ್ಯಾಸ ಮಾಡಿದವರು. ಮೋನಿಷಾ ಮತ್ತು ವಿನೀತ್ ಇಬ್ಬರಿಗೂ ನೃತ್ಯ ಬಾಲ್ಯದಿಂದ ಬಂದದ್ದು. ಕಲಿಯದ ನಟನನ್ನು ಗುರುವಾಗಿ, ಕಲಿತ ಇಬ್ಬರನ್ನು ವಿದ್ಯಾರ್ಥಿಗಳಾಗಿ ನಿಲ್ಲಿಸಿ ಪ್ರೇಕ್ಷಕರು ನಂಬುವಂತೆ ಮಾಡುವುದು ಸುಲಭವಲ್ಲ. ಅದು ಸಾಧ್ಯವಾದದ್ದರಲ್ಲಿ ಮೋನಿಷಾರ ಪಾಲು ದೊಡ್ಡದು. ಗುರುವಿನ ಒಂದೊಂದು ಸನ್ನೆಯನ್ನೂ ಹೊಸದಾಗಿ ಕಾಣುತ್ತಿರುವಂತೆ ಆ ಹುಡುಗಿ ನೋಡುತ್ತಾಳೆ. ಆ ನೋಟದಿಂದಲೇ ನಮಗೂ ಅವನು ಗುರುವಾಗಿ ಕಾಣುತ್ತಾನೆ. ಹದಿನೈದನೇ ವಯಸ್ಸಿನಲ್ಲಿ ಬಂದ ಪ್ರಶಸ್ತಿ ಆಕಸ್ಮಿಕವಲ್ಲವೆಂದು ತೋರಿಸಿದ ಪಾತ್ರ ಇದು.

ಅದೇ ವರ್ಷ ಜಯರಾಜ್ ನಿರ್ದೇಶನದ ‘ಕುಟುಂಬಸಮೇತಂ’, ಕಮಲ್ ನಿರ್ದೇಶನದ ‘ಚಂಬಕ್ಕುಳಂ ತಚ್ಚನ್’ ತೆರೆಗೆ ಬಂದವು. ಎರಡನೆಯದು ಕುಟ್ಟನಾಡಿನ ದೋಣಿ ಕಟ್ಟುವ ಬಡಗಿಯ ಕಥೆ. ಸಂತ ಚಾವರ ಕುರಿಯಾಕೋಸ್ ಎಲಿಯಾಸರು ಹುಟ್ಟಿದ ಕೈನಕರಿ ಇರುವ ಅದೇ ಜಲಪ್ರದೇಶ. ತಮಿಳಿನಲ್ಲಿ ಕಾರ್ತಿಕ್ ಜೊತೆಗೂ ಆ ವರ್ಷ ಒಂದು ಚಿತ್ರ. ಒಟ್ಟಿನಲ್ಲಿ ಆರು ವರ್ಷಗಳಲ್ಲಿ ಸುಮಾರು ಇಪ್ಪತ್ತೈದು ಚಿತ್ರಗಳು. ಸಿನಿಮಾ ಎಷ್ಟೇ ಇದ್ದರೂ ನೃತ್ಯ ಪ್ರದರ್ಶನ ಮಾತ್ರ ನಿಲ್ಲಿಸಲಿಲ್ಲ.

ಹಿಂದೆ ನಮ್ಮ ಹಿರಿಯರಲ್ಲಿ ಸಿನಿಮಾ ಮತ್ತು ನೃತ್ಯದ ಬಗ್ಗೆ ಒಂದು ಅಳುಕು ಇತ್ತು. ಇಂದಿಗೂ ಕೆಲವು ಮನೆಗಳಲ್ಲಿದೆ. ಹುಡುಗಿ ಚರ್ಚ್ ಗಾಯನ ಮಂಡಳಿಯಲ್ಲಿ ಹಾಡಿದರೆ ಸಂತೋಷ, ಗೆಜ್ಜೆ ಕಟ್ಟಿದರೆ ಅನುಮಾನ. ಆದರೆ ಧರ್ಮಸಭೆ ಈ ವಿಷಯದಲ್ಲಿ ಬಾಗಿಲು ಮುಚ್ಚಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಮೂಹ ಮಾಧ್ಯಮಗಳ ಕುರಿತು ದಸ್ತಾವೇಜು ಹೊರಡಿಸಿ ಸಿನಿಮಾವನ್ನೂ ಅದರಲ್ಲಿ ಸೇರಿಸಿತು. ತಿರುಚಿರಾಪಳ್ಳಿ ಧರ್ಮಪ್ರಾಂತ್ಯದಲ್ಲಿ 1977ರಿಂದ ಕಲೈ ಕಾವೇರಿ ಕಲಾಸಂಸ್ಥೆ ಭರತನಾಟ್ಯ ಕಲಿಸುತ್ತ ಬಂದಿದೆ. ಮಂಗಳೂರು ಮೂಲದ ಫ್ರಾನ್ಸಿಸ್ ಬರ್ಬೋಜಾ ಅವರು ಧರ್ಮಗುರುಗಳಾಗಿದ್ದಾಗಲೇ ಬೈಬಲಿನ ವಸ್ತುಗಳನ್ನು ಭರತನಾಟ್ಯಕ್ಕೆ ತಂದು ವೇದಿಕೆಯಲ್ಲಿ ತೋರಿಸಿದವರು. ಹಾಗಾಗಿ ಅಡ್ಡಿ ಬರುವುದು ಹೆಚ್ಚಾಗಿ ಧರ್ಮದಿಂದಲ್ಲ, ಜನ ಏನೆನ್ನುವರೋ ಎಂಬ ಭಯದಿಂದ. ಆ ಭಯಕ್ಕೆ ಪೂರ್ತಿ ಆಧಾರವಿಲ್ಲವೆಂದೂ ಹೇಳಲಾರೆ. ಚಿತ್ರರಂಗದಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ರಕ್ಷಣೆ ಕಡಿಮೆ. ಮೋನಿಷಾರ ವಿಷಯದಲ್ಲಿ ತಾಯಿಯೇ ಮಗಳ ಜೊತೆ ಚಿತ್ರೀಕರಣಗಳಿಗೆ ಹೋಗುತ್ತಿದ್ದರು. ಕೊನೆಯ ಪ್ರಯಾಣದಲ್ಲೂ ಅವರು ಪಕ್ಕದಲ್ಲೇ ಇದ್ದರು.

ಆ ಪ್ರಯಾಣ ಜಿ.ಎಸ್. ವಿಜಯನ್ ನಿರ್ದೇಶನದ ‘ಚೆಪ್ಪಡಿವಿದ್ಯ’ ಚಿತ್ರೀಕರಣದ ನಡುವೆ ನಡೆದದ್ದು. ಚೇರ್ತಲ ಆಲಪ್ಪುಳ ಜಿಲ್ಲೆಯ ಪಟ್ಟಣ. ನಮ್ಮಲ್ಲಿ ಅನೇಕರು ಜನವರಿಯಲ್ಲಿ ಸಂತ ಸೆಬಾಸ್ತಿಯನ್ನರ ಹಬ್ಬಕ್ಕೆ ಹೋಗುವ ಅರ್ತುಂಕಲ್ ಬಸಿಲಿಕಾ ಇರುವುದು ಅದರ ಹತ್ತಿರವೇ. ಪಟ್ಟಣದ ಮೂಲಕ ಹಾದುಹೋಗುವ ಹೆದ್ದಾರಿಗೆ ಆಗ 47 ಎಂಬ ಸಂಖ್ಯೆ ಇತ್ತು. ಈಗ ಅದು 66, ಕುಂದಾಪುರ, ಉಡುಪಿ, ಮಂಗಳೂರು ದಾಟಿ ಕಲ್ಲಿಕೋಟೆಯ ಮೇಲೆ ಕನ್ಯಾಕುಮಾರಿಗೆ ಹೋಗುವ ನಮ್ಮದೇ ರಸ್ತೆ. ಡಿಸೆಂಬರ್ ಎಂದರೆ ಶಬರಿಮಲೆ ಯಾತ್ರೆಯ ಕಾಲ, ರಾತ್ರಿಯೆಲ್ಲ ವಾಹನಗಳು. ಬೆಳಗಿನ ಜಾವ ತಾಯಿ ಮಗಳು ಇದ್ದ ಕಾರು ಬಸ್ಸಿಗೆ ಡಿಕ್ಕಿಯಾಯಿತು. ಶ್ರೀದೇವಿಯವರು ಗಾಯಗೊಂಡು ಉಳಿದರು, ಮೋನಿಷಾ ಉಳಿಯಲಿಲ್ಲ.

ಹಗಲು ಚಿತ್ರೀಕರಣ, ರಾತ್ರಿ ಪ್ರಯಾಣ, ಮರುದಿನ ಇನ್ನೊಂದು ಊರಿನಲ್ಲಿ ಕಾರ್ಯಕ್ರಮ. ಕಲಾವಿದರ ಬದುಕು ಹೀಗೆಯೇ ನಡೆಯುತ್ತದೆ. ನಮ್ಮ ನಾಟಕ ತಂಡಗಳು, ಬ್ಯಾಂಡ್ ತಂಡಗಳು, ಯಕ್ಷಗಾನ ಮೇಳಗಳವರು ಕೂಡ ಬೆಳಗಿನ ಜಾವ ಎರಡು ಮೂರು ಗಂಟೆಗೆ ನಿದ್ದೆಗಣ್ಣಲ್ಲೇ ವ್ಯಾನು ಹತ್ತುವವರು. ಅವರನ್ನು ಕರೆಸುವ ನಾವು ಕಾರ್ಯಕ್ರಮ ತಡವಾಗಿ ಶುರುಮಾಡಿ, ಭಾಷಣಗಳನ್ನು ಎಳೆದು, ನಡುರಾತ್ರಿ ಮುಗಿಸಿ ಕಳುಹಿಸಿಕೊಡುತ್ತೇವೆ. ಊಟಕ್ಕೆ ಎಬ್ಬಿಸಿ ಕೂರಿಸುತ್ತೇವೆ, ಮಲಗಲು ಒಂದು ಕೋಣೆ ಕೊಡಬೇಕೆಂದು ನಮಗೆ ತೋಚುವುದಿಲ್ಲ.

ಮೋನಿಷಾ ನಟಿಸಿದ್ದ ‘ಚೆಪ್ಪಡಿವಿದ್ಯ’ 1993ರಲ್ಲಿ ತೆರೆಗೆ ಬಂತು. ತಮಿಳಿನ ‘ಮೂನ್ರಾವದು ಕಣ್’ ಕೂಡ ಅದೇ ವರ್ಷ ಬಂತು. ಅವರನ್ನು ಚಿತ್ರರಂಗಕ್ಕೆ ತಂದ ಎಂ.ಟಿ. ಅವರು 2024ರ ಕ್ರಿಸ್ಮಸ್ ದಿನದಂದು ನಿಧನರಾದರು. ವಿನೀತ್ ನಟನೆ ಮತ್ತು ನೃತ್ಯ ಎರಡನ್ನೂ ಮುಂದುವರಿಸಿದರು.

ಮಗಳನ್ನು ಕಳೆದುಕೊಂಡ ಮೇಲೆ ಶ್ರೀದೇವಿ ಉಣ್ಣಿಯವರು ನೃತ್ಯ ಬಿಟ್ಟುಬಿಡಲಿಲ್ಲ. ಬೆಂಗಳೂರಿನಲ್ಲಿ ನೃತ್ಯವೇದಿ ಎಂಬ ಸಂಸ್ಥೆಯ ಮೂಲಕ ಮೋಹಿನಿಯಾಟ್ಟಂ ಕಲಿಸಿದರು, ಮಗಳ ಹೆಸರಿನಲ್ಲಿ ಮೋನಿಷಾ ಆರ್ಟ್ಸ್ ನಡೆಸಿದರು, ಮಲಯಾಳಂ ಚಿತ್ರಗಳಲ್ಲಿ ಸ್ವತಃ ನಟಿಸಿದರು. ಕನ್ನಡ, ತಮಿಳು, ಮಲಯಾಳಂ ಮಾತಾಡುವ ಮನೆಗಳ ಹೆಣ್ಣುಮಕ್ಕಳಿರುವ ಅದೇ ಬೆಂಗಳೂರಿನಲ್ಲಿ, ಮಗಳಿಗೆ ಹೇಳಿಕೊಟ್ಟ ಅದೇ ಅಡವುಗಳನ್ನು ಅವರು ಬೇರೆಯವರ ಮಕ್ಕಳಿಗೆ ಹೇಳಿಕೊಟ್ಟರು.